ಠರಾವಿನ ಪಕ್ಕ ಒಂದು ಅಂಕಿ

ಕೇಳುಗರಿಗೆ ನಮಸ್ಕಾರ.

ಡೇರಿಗೆ ಹಾಲು ಹಾಕಿ ಬಂದು ರೇಡಿಯೊ ಹಚ್ಚಿದವರಿದ್ದೀರಿ, ಒಲೆ ಮುಂದೆ ಕೂತು ಕೇಳುತ್ತಿರುವವರಿದ್ದೀರಿ. ಒಂದಿಬ್ಬರಾದರೂ ಗ್ರಾಮ ಪಂಚಾಯಿತಿ ಸದಸ್ಯರು ಇರಬಹುದು. ನಾನು ಹೇಳಬೇಕಾದದ್ದು ಒಂದೇ ಮಾತು. ಹವಾಮಾನ ಬದಲಾವಣೆ ಬಗ್ಗೆ ನಿಮ್ಮ ಪಂಚಾಯಿತಿ ಠರಾವು ಮಾಡಿದರೆ ಅದರ ಪಕ್ಕ ಒಂದು ಅಂಕಿ ಬರೆಸಿ. ಎಷ್ಟು ದುಡ್ಡು, ಯಾವ ತಿಂಗಳೊಳಗೆ ಅಂತ. ಅಂಕಿ ಇಲ್ಲದ ಠರಾವು ನಡಾವಳಿ ಪುಸ್ತಕ ಬಿಟ್ಟು ಈಚೆಗೆ ಬರುವುದಿಲ್ಲ.

"ಹವಾಮಾನ ದೆಹಲಿಯವರ ಕೆಲಸ, ನಮಗೇನು?" ಅನ್ನುವವರಿದ್ದಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತಲ್ಲ, ಆಗ ಟ್ಯಾಂಕರಿಗಾಗಿ ಓಡಾಡಿದವರು ಯಾರು? ನಿಮ್ಮ ಪಿಡಿಒ, ನಿಮ್ಮ ನೀರುಗಂಟಿ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು 29 ವಿಷಯಗಳಿವೆ. ಕುಡಿಯುವ ನೀರು, ಸಾಮಾಜಿಕ ಅರಣ್ಯ, ಅಸಾಂಪ್ರದಾಯಿಕ ಇಂಧನ, ಮೂರೂ ಅದರಲ್ಲಿ ಸೇರಿವೆ.

ಆ ಬರಗಾಲ ಕಳೆದ ಮೇಲೆ ಬಯಲುಸೀಮೆಯ ಒಂದು ಪಂಚಾಯಿತಿಯವರು ನನ್ನನ್ನು ಗ್ರಾಮ ಸಭೆಗೆ ಕರೆದಿದ್ದರು. ಠರಾವು ಮೊದಲೇ ಸಿದ್ಧವಾಗಿತ್ತು: "ಹವಾಮಾನ ಬದಲಾವಣೆ ತಡೆಯಲು ನಾವು ಬದ್ಧರಾಗಿದ್ದೇವೆ." ಅಷ್ಟೇ, ಒಂದು ಸಾಲು. ಅದರ ಮೇಲೆ ಒಂದು ಗಂಟೆ ಜಗಳ! ಒಬ್ಬ ಸದಸ್ಯರು ಎದ್ದು, "ಮೊದ್ಲು ನಮ್ಮ ಕೇರಿಗೆ ಚರಂಡಿ ಮಾಡ್ಸಿ ಸ್ವಾಮಿ, ಭೂಮಿ ಉಳಿಸೋದು ಆಮೇಲಾಗ್ಲಿ" ಅಂದರು. ಅವರ ಮಾತಿನಲ್ಲಿ ತಪ್ಪೇನಿತ್ತು? ಕೊನೆಗೆ ಎಲ್ಲರಿಗೂ ಸಾಕಾಗಿ, ಒಪ್ಪಿಗೆ ಅಂತ ಬರೆದುಕೊಳ್ಳುವಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ನೀರುಗಂಟಿ ಬಾಯಿಬಿಟ್ಟ. "ಸಾರ್, ಬೀದಿ ದೀಪ ಹಗಲೆಲ್ಲ ಉರೀತಾವೆ. ಆರ್ಸೋಣ ಅಂದ್ರೆ ಸ್ವಿಚ್ಚೇ ಇಲ್ಲ."

ಎದ್ದು ಹೊರಗೆ ಬಂದು ನೋಡಿದೆವು. ಮಟಮಟ ಮಧ್ಯಾಹ್ನ. ಅರಳಿಕಟ್ಟೆ ಪಕ್ಕದ ಕಂಬದಲ್ಲಿ ದೀಪ ಉರಿಯುತ್ತಿತ್ತು, ಅದರ ಆಚೆಯದೂ ಉರಿಯುತ್ತಿತ್ತು. ಸಭೆಯ ನೋಟೀಸಿನ ಬೆನ್ನ ಮೇಲೆ ಅಲ್ಲೇ ಲೆಕ್ಕ ಹಾಕಿದೆ. 40 ವ್ಯಾಟಿನ 100 ದೀಪ, ಹಗಲು 12 ಗಂಟೆ: ದಿನಕ್ಕೆ 48 ಯೂನಿಟ್. ವರ್ಷಕ್ಕೆ 17,520. ಕಲ್ಲಿದ್ದಲಿನಿಂದ ಒಂದು ಯೂನಿಟ್ ತೆಗೆಯಲು ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು. ಅಂದರೆ ಯಾರಿಗೂ ಬೆಳಕಾಗದ ಆ ದೀಪಗಳಿಗೆ ರಾಯಚೂರಿನಂಥ ಸ್ಥಾವರದಲ್ಲಿ ದಿನಾ ಹೆಚ್ಚುಕಡಿಮೆ ಅರ್ಧ ಮೂಟೆ ಕಲ್ಲಿದ್ದಲು ಬೂದಿ. ಬಿಲ್ಲು ಕಟ್ಟುವುದು ಪಂಚಾಯಿತಿ.

ಚರಂಡಿ ಕೇಳಿದ ಸದಸ್ಯರು ಆ ಕಾಗದವನ್ನು ಕೈಗೆ ತಗೊಂಡು ಬಹಳ ಹೊತ್ತು ನೋಡಿದರು. "ಈ ದುಡ್ಡಲ್ಲೇ ನಮ್ಮ ಕೇರಿ ಚರಂಡಿ ಶುರು ಮಾಡಬಹುದಿತ್ತಲ್ಲ ಸಾರ್" ಅಂದರು.

ಠರಾವನ್ನು ಅವತ್ತೇ ತಿದ್ದಿದರು. ಬೀದಿ ದೀಪಕ್ಕೆ ಬೇರೆ ತಂತಿ, ತಾನೇ ಆರಿಸುವ ಟೈಮರ್, ಎಲ್‌ಇಡಿ ಬಲ್ಬು. ಪಕ್ಕದಲ್ಲಿ ಮೊತ್ತ, ಕೆಳಗೆ ಯುಗಾದಿಯೊಳಗೆ ಅಂತ ಗಡುವು. ಆ ಠರಾವಿನ ಒಂದು ಪ್ರತಿಯನ್ನು ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಸಮಯ ಮುಗಿಯುತ್ತಾ ಬಂತು, ಕೆರೆ ಮತ್ತು ಕಸದ ವಿಷಯ ಇವತ್ತು ಆಗುವುದಿಲ್ಲ. ಗುಂಡ್ಲುಪೇಟೆ ದಾಟಿದರೆ ಸಿಗುವ ವಯನಾಡಿನ ಮೀನಂಗಾಡಿಯ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ಆ ಪಂಚಾಯಿತಿ 2016ರಲ್ಲಿ ಇಂಗಾಲ ಸಮತೋಲನದ ಯೋಜನೆಗೆ ಕೈಹಾಕಿತು; ಅಂದರೆ ಊರು ಗಾಳಿಗೆ ಬಿಡುವಷ್ಟು ಇಂಗಾಲವನ್ನು ಮರಗಿಡಗಳಿಂದ ಹೀರಿಸಿ ಸರಿದೂಗಿಸುವುದು. ರೈತ ತನ್ನ ಮರವನ್ನು ಅಡವಿಟ್ಟರೆ ಮರಕ್ಕೆ ವರ್ಷಕ್ಕೆ 50 ರೂಪಾಯಿ ಬಡ್ಡಿಯಿಲ್ಲದ ಸಾಲ, ಹತ್ತು ವರ್ಷ. ಮರ ಕಡಿದರೆ ಮಾತ್ರ ಸಾಲ ತೀರಿಸಬೇಕು. ನೋಡಿ, ಅಲ್ಲೂ ಮಾತಿನ ಪಕ್ಕ ಅಂಕಿ ಇದೆ.

ಬೆಂಗಳೂರಿಗೂ 2023ರ ನವೆಂಬರಿನಲ್ಲಿ ದೊಡ್ಡ ಹವಾಮಾನ ಯೋಜನೆ ಬಂತು, 2050ರೊಳಗೆ ಇಂಗಾಲ ಸಮತೋಲನ ಸಾಧಿಸುವ ಗುರಿಯೂ ಇದೆ. ಆದರೆ 2020ರಿಂದ ಅಲ್ಲಿ ಚುನಾಯಿತ ಪಾಲಿಕೆಯೇ ಇರಲಿಲ್ಲ, ಎದ್ದು ನಿಂತು ಪ್ರಶ್ನೆ ಕೇಳುವ ಕಾರ್ಪೊರೇಟರ್ ಇರಲಿಲ್ಲ. ನಿಮಗೆ ಗ್ರಾಮ ಸಭೆ ಇದೆ. ಆರು ತಿಂಗಳಿಗೆ ಒಮ್ಮೆಯಾದರೂ ಕರೆಯಲೇಬೇಕೆಂದು ಕಾನೂನಿದೆ. ಮುಂದಿನ ಸಭೆಗೆ ಹೊರಡುವಾಗ, ದಾರಿಯಲ್ಲಿ ಹಗಲು ಉರಿಯುವ ದೀಪ ಎಷ್ಟಿವೆ ಅಂತ ಎಣಿಸಿಕೊಂಡು ಹೋಗಿ.

ನಮಸ್ಕಾರ.