ಪೆನ್ಸಿಲ್ಲಿನಲ್ಲಿ ಬರೆದ ತಾರೀಖು

ಕೇಳುಗರೇ, ನಮಸ್ಕಾರ.

ದಾವಣಗೆರೆಯಲ್ಲಿ ನಾಟಕ ಆಡಿಸಬೇಕು ಅಂದರೆ ಮೊದಲ ಕೆಲಸ ಪಾತ್ರ ಹಂಚುವುದಲ್ಲ, ಹಾಲ್ ಹಿಡಿಯುವುದು. ನಮ್ಮದು ಹವ್ಯಾಸಿ ತಂಡ. ಬ್ಯಾಂಕಿನವರು ಇಬ್ಬರು, ಮೇಷ್ಟ್ರು ಮೂವರು, ಮಂಡಕ್ಕಿ ಭಟ್ಟಿಯ ಒಬ್ಬ ಹುಡುಗ. ಅವನ ಕಂಠ ಕೇಳಿದರೆ ಮೈಕೇ ಬೇಡ ಅನ್ನಿಸುತ್ತದೆ. ಕೆಲವು ವರ್ಷಗಳ ಹಿಂದೆ ನಾಟಕವೊಂದಕ್ಕೆ ಒಂದು ಸಭಾಂಗಣ ಗೊತ್ತು ಮಾಡಿದೆವು. ಮುಂಗಡ ಕಟ್ಟಿದೆವು, ರಸೀದಿ ಪಡೆದೆವು. ಅಲ್ಲಿನ ಮ್ಯಾನೇಜರು ದಪ್ಪ ರಟ್ಟಿನ ಪುಸ್ತಕ ತೆಗೆದು ನಮ್ಮ ತಂಡದ ಹೆಸರು ಬರೆದುಕೊಂಡರು. ಪೆನ್ಸಿಲ್ಲಿನಲ್ಲಿ. ಆಗ ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಅವರ ಫೋನು. ‘ಸಾರ್, ಬೇಜಾರು ಮಾಡ್ಕಬ್ಯಾಡ್ರಿ. ಮೇಲಿಂದ ಫೋನ್ ಬಂದೈತಿ. ಆವತ್ತು ಸಾಹೇಬ್ರ ಕಾರ್ಯಕ್ರಮ.’ ಯಾವ ಸಾಹೇಬರು ಅಂದೆ. ‘ಅದನ್ನ ಮಾತ್ರ ಕೇಳಬ್ಯಾಡ್ರಿ’ ಅಂದರು. ಓಡಿಹೋಗಿ ಪುಸ್ತಕ ನೋಡಿದರೆ ನಮ್ಮ ಹೆಸರಿದ್ದ ಜಾಗದಲ್ಲಿ ರಬ್ಬರು ಉಜ್ಜಿದ ಗುರುತು. ಕೊನೆಗೆ ಒಂದು ಶಾಲೆಯ ಬಯಲಿನಲ್ಲಿ ಬಾಡಿಗೆ ದೀಪ ಕಟ್ಟಿಕೊಂಡು ಆಡಿದೆವು. ಅರ್ಧ ಮಾತು ಗಾಳಿಗೆ ಹೋಯಿತು.

ಆ ರಬ್ಬರಿನ ಗುರುತು ಮತ್ತೆ ಕಣ್ಣಿಗೆ ಕಟ್ಟಿದ್ದು ಅಮೆರಿಕದ ಸುದ್ದಿ ಓದುವಾಗ. ವಾಷಿಂಗ್ಟನ್ನಿನಲ್ಲಿ ಪೊಟೋಮ್ಯಾಕ್ ನದಿಯ ದಂಡೆಗೆ ಕೆನಡಿ ಸೆಂಟರ್ ಅಂತ ದೊಡ್ಡ ಕಲಾಕೇಂದ್ರವಿದೆ. ಸಂಗೀತ, ನಾಟಕ, ನೃತ್ಯ, ಅಪೆರಾ ಎಲ್ಲಕ್ಕೂ ಅದು ಆ ದೇಶದ ರಾಷ್ಟ್ರೀಯ ರಂಗಮಂದಿರ. ರಾಜಧಾನಿಗೆ ಇಂಥದ್ದೊಂದು ಬೇಕು ಎಂಬ ಕಾನೂನಿಗೆ 1958ರಲ್ಲಿ ಸಹಿ ಹಾಕಿದವರು ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಐಸೆನ್‌ಹೋವರ್. ಅದಕ್ಕೆ ಹಣ ಕೂಡಿಸಲು ದುಡಿದವರು ಡೆಮಾಕ್ರಟಿಕ್ ಪಕ್ಷದ ಕೆನಡಿ. ಅವರ ಹತ್ಯೆಯಾದ ಮೇಲೆ 1964ರಲ್ಲಿ ಅಲ್ಲಿನ ಸಂಸತ್ತೇ ಕಾನೂನು ಮಾಡಿ ಅವರ ಹೆಸರಿಟ್ಟಿತು. 1971ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು. ಕಟ್ಟಡದ ನಿರ್ವಹಣೆಗೆ ಸರ್ಕಾರದ ಹಣ, ಪ್ರದರ್ಶನಗಳಿಗೆ ಟಿಕೆಟ್ಟು ಮತ್ತು ದಾನಿಗಳ ಹಣ. ಆಡಳಿತ ಮಂಡಳಿಯಲ್ಲಿ ಎರಡೂ ಪಕ್ಷದ ಅಧ್ಯಕ್ಷರು ನೇಮಿಸಿದವರು ಜೊತೆಗೇ ಕೂತು ಸಭೆ ನಡೆಸುತ್ತಿದ್ದರು.

2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್, ಹಿಂದಿನ ಅಧ್ಯಕ್ಷರು ನೇಮಿಸಿದ್ದ ಸದಸ್ಯರನ್ನು ತೆಗೆದು ತಮ್ಮವರನ್ನು ಕೂರಿಸಿದರು. ಆ ಹೊಸ ಮಂಡಳಿ ಅವರನ್ನೇ ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ಹತ್ತು ವರ್ಷದಿಂದ ಕೇಂದ್ರವನ್ನು ನಡೆಸುತ್ತಿದ್ದ ಡೆಬೊರಾ ರಟ್ಟರ್ ಹೊರಗೆ, ರಾಯಭಾರಿಯಾಗಿದ್ದ ರಿಚರ್ಡ್ ಗ್ರೆನೆಲ್ ಒಳಗೆ. ಗಂಡಸರು ಹೆಣ್ಣು ವೇಷ ತೊಟ್ಟು ಕೊಡುವ ಪ್ರದರ್ಶನ ಇನ್ನು ಮುಂದೆ ಇಲ್ಲಿ ನಡೆಯದು ಎಂದೂ ಟ್ರಂಪ್ ಸಾರಿದರು. ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ದೊಡ್ಡಾಟದ ದ್ರೌಪದಿಯರು, ಕಂಪನಿ ನಾಟಕದ ಸ್ತ್ರೀಪಾತ್ರಧಾರಿಗಳು ಆ ಊರಿಗೆ ಹೋಗಿದ್ದರೆ ಮೀಸೆ ಬಿಟ್ಟುಕೊಂಡೇ ಅಳಬೇಕಾಗುತ್ತಿತ್ತು!

ಕಲಾವಿದರು ಒಬ್ಬೊಬ್ಬರೇ ದೂರ ಸರಿದರು. ‘ಹ್ಯಾಮಿಲ್ಟನ್’ ಸಂಗೀತ ನಾಟಕದವರು 2026ಕ್ಕೆ ಗೊತ್ತಾಗಿದ್ದ ಪ್ರದರ್ಶನಗಳನ್ನು ಕೈಬಿಟ್ಟರು. ಗಾಯಕಿ ರೆನೆ ಫ್ಲೆಮಿಂಗ್ ಸಲಹೆಗಾರ್ತಿಯ ಸ್ಥಾನ ಬಿಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ಮಂಡಳಿ ಸಭೆ ಸೇರಿ ಕೆನಡಿ ಹೆಸರಿನ ಮುಂದೆ ಟ್ರಂಪ್ ಹೆಸರು ಸೇರಿಸಲು ನಿರ್ಣಯಿಸಿತು. ಮರುದಿನವೇ ಗೋಡೆಯ ಮೇಲೆ ಅಕ್ಷರ ಬಂದವು. ಸಂಸತ್ತು ಇಟ್ಟ ಹೆಸರನ್ನು ಮಂಡಳಿ ಬದಲಿಸಲು ಬರುತ್ತದೆಯೇ ಎಂದು ಸಂಸದೆಯೊಬ್ಬರು ನ್ಯಾಯಾಲಯಕ್ಕೆ ಹೋದರು. 2026ರ ಜನವರಿಯಲ್ಲಿ ವಾಷಿಂಗ್ಟನ್ ನ್ಯಾಷನಲ್ ಅಪೆರಾ ತಾನು ಬೇರೆ ಕಡೆ ಹೋಗುವುದಾಗಿ ಹೇಳಿತು.

ಇದರಲ್ಲಿ ನನಗೆ ಭಯ ಹುಟ್ಟಿಸಿದ್ದು ಗೋಡೆಯ ಮೇಲಿನ ಹೆಸರಲ್ಲ. ಹೆಸರು ಎಲ್ಲರ ಕಣ್ಣಿಗೂ ಬೀಳುತ್ತದೆ, ಜಗಳವಾಡಬಹುದು. ಆದರೆ ಮಂಡಳಿಗೆ ಸದಸ್ಯರನ್ನು ನೇಮಿಸುವ ಅಧಿಕಾರ ಮೊದಲಿನಿಂದಲೂ ದೇಶದ ಅಧ್ಯಕ್ಷರ ಕೈಯಲ್ಲೇ ಇತ್ತು. ಇಷ್ಟು ವರ್ಷ ಅಡ್ಡ ನಿಂತಿದ್ದದ್ದು ರೂಢಿ, ಸಂಕೋಚ. ಅದೂ ಪೆನ್ಸಿಲ್ ಬರಹವೇ ಆಗಿತ್ತು ಅಂತ ಐವತ್ತು ವರ್ಷದ ಮೇಲೆ ಗೊತ್ತಾಯಿತು.

ಅಮೆರಿಕದವರನ್ನು ಆಡಿಕೊಳ್ಳಲು ನಮಗೇನೂ ಹಕ್ಕಿಲ್ಲ ಬಿಡಿ. ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಆಮೇಲೆ ಅದು ಶಿವಮೊಗ್ಗ, ಧಾರವಾಡ, ಕಲಬುರಗಿಗಳಿಗೂ ಬಂತು. ವೃತ್ತಿ ರಂಗಭೂಮಿಗಾಗಿಯೇ ಒಂದು ರಂಗಾಯಣ ನಮ್ಮ ದಾವಣಗೆರೆಗೂ ಬಂತು. ಸಂತೋಷವೇ. ಆದರೆ 2019ರಲ್ಲಿ ಸರ್ಕಾರ ಬದಲಾದಾಗ ಅಕಾಡೆಮಿಗಳ, ರಂಗಾಯಣಗಳ ನೇಮಕ ಅವಧಿಗೆ ಮುಂಚೆಯೇ ರದ್ದಾದವು. 2023ರಲ್ಲಿ ಸರ್ಕಾರ ಮತ್ತೆ ಬದಲಾಯಿತು, ಮತ್ತೆ ಹಾಗೇ ಆಯಿತು. ಪಕ್ಷ ಬೇರೆ, ರಬ್ಬರು ಒಂದೇ. ಮುಂದಿನ ವರ್ಷದ ನಾಟಕ ಯಾವುದು ಎಂದು ಯೋಚಿಸಬೇಕಾದ ನಿರ್ದೇಶಕ ಚುನಾವಣೆಯ ಫಲಿತಾಂಶ ನೋಡುತ್ತ ಕೂರಬೇಕು.

ಹಾಗಾದರೆ ಸರ್ಕಾರದ ದುಡ್ಡೇ ಬೇಡ ಅನ್ನೋಣವೇ? ರಂಗನಟಿ ಚಿಂದೋಡಿ ಲೀಲಾ ಅವರ ಕಾಲದ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ಊರಿನದು. ಅದರ ಯಜಮಾನ ಗೇಟ್ ಕಲೆಕ್ಷನ್. ಜನ ಬಂದರೆ ಒಲೆ ಹತ್ತುತ್ತದೆ, ಇಲ್ಲದಿದ್ದರೆ ಡೇರೆ ಬಿಚ್ಚಬೇಕು. ಯಾವ ಮಂತ್ರಿಯೂ ಅಲ್ಲಿ ನಿರ್ದೇಶಕರನ್ನು ನೇಮಿಸುವಂತಿಲ್ಲ. ಆದರೂ ಪರವಾನಗಿ ಬೇಕು, ಜಾಗ ಬೇಕು, ಕರೆಂಟು ಬೇಕು. ಅದಕ್ಕೆಂದೇ ಕಂಪನಿಗಳಲ್ಲಿ ಮುಂದಿನ ಸಾಲಿನ ಕುರ್ಚಿಗಳು ಸಾಹೇಬರ ಫ್ರೀ ಪಾಸಿಗೆ ಮೀಸಲಾಗಿರುತ್ತಿದ್ದವು. ಟಿಕೆಟ್ಟು ಕೊಂಡವನು ಅವರ ರುಮಾಲಿನ ಹಿಂದಿನಿಂದ ಇಣುಕಿ ನೋಡಬೇಕಿತ್ತು.

ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯದು ಇನ್ನೊಂದು ದಾರಿ. ಹೊಸದುರ್ಗ ತಾಲೂಕಿನ ಆ ಚಿಕ್ಕ ಊರಿನಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರವಿದೆ. ಅಲ್ಲಿನ ಮಠದ ಪಂಡಿತಾರಾಧ್ಯ ಸ್ವಾಮೀಜಿ 1997ರಲ್ಲಿ ಶುರು ಮಾಡಿದ ಶಿವಸಂಚಾರ ತಂಡ ನಾಟಕಗಳನ್ನು ಹೊತ್ತುಕೊಂಡು ನಾಡು ಸುತ್ತುತ್ತದೆ. ಅಲ್ಲಿ ಸಂಜೆ ಕಲ್ಲಿನ ಮೆಟ್ಟಿಲ ಮೇಲೆ ಕೂತಾಗ ಇದಕ್ಕಿಂತ ದೊಡ್ಡ ರಂಗಮಂದಿರ ಬೇಕಿಲ್ಲ ಅನ್ನಿಸಿದೆ. ಆದರೆ ಊರೂರಿಗೂ ಒಂದು ಸಾಣೇಹಳ್ಳಿ ಹುಟ್ಟುವುದಿಲ್ಲ. ಮಠವಾದರೂ ಒಂದು ಗದ್ದುಗೆಯೇ, ಅಲ್ಲೂ ಎಲ್ಲವೂ ಅದರ ಮೇಲೆ ಕೂತವರ ಮನಸ್ಸನ್ನು ನಂಬಿರುತ್ತದೆ.

ಹಾಗಾಗಿ ನಾನು ದೊಡ್ಡ ಮಾತು ಬಿಟ್ಟು ಒಂದು ಸಣ್ಣ ಅರ್ಜಿ ಬರೆದೆ. ಬುಕಿಂಗ್ ಪುಸ್ತಕವನ್ನು ಮಸಿಯಲ್ಲಿ ಬರೆಯಿರಿ. ತಿಂಗಳ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿರಿ. ಯಾರದಾದರೂ ತಾರೀಖು ತಪ್ಪಿಸುವುದಾದರೆ ತಪ್ಪಿಸಿದವರ ಹೆಸರು, ಕಾರಣ, ಸಹಿ ಅದೇ ಪುಟದಲ್ಲಿ ಇರಲಿ. ಮೂರೇ ಸಾಲು. ನಮ್ಮನ್ನು ವಾಪಸು ಕಳಿಸಿದ ಆ ಮ್ಯಾನೇಜರೇ ಓದಿ, ‘ಚಲೋ ಬರ್ದೀರಿ ಸಾರ್, ನಂಗೂ ಒಂಚೂರು ಧೈರ್ಯ ಬರ್ತೈತಿ’ ಅಂದು ಮೊಹರು ಒತ್ತಿ ಸ್ವೀಕೃತಿ ಕೊಟ್ಟರು.

ಅದಾಗಿ ಆರು ತಿಂಗಳು. ಹೋದ ವಾರ ಕಚೇರಿಗೆ ಹೋಗಿ ನಮ್ಮ ಅರ್ಜಿ ಏನಾಯಿತು ಅಂತ ಕೇಳಿದೆ. ಗುಮಾಸ್ತರು ರಿಜಿಸ್ಟರು ತಿರುವಿ ನೋಡಿ ಹೇಳಿದರು: ‘ಕಡತ ಮೇಲಕ್ಕೆ ಹೋಗೈತಿ ಸಾರ್. ಮೇಲಿಂದ ಫೋನ್ ಬಂದ ಕೂಡ್ಲೆ ತಿಳಿಸ್ತೀವಿ.’