ಕಲಾವಿದರ ಆಯ್ಕೆ: ಕೇಳುವವರ ಹೊಣೆ

ಕೇಳುಗರಿಗೆ ನಮಸ್ಕಾರ.

ಬಾನುಲಿ ನಿಲಯದ ಸ್ಟುಡಿಯೊ ಬಾಗಿಲು ಬಹಳ ದಪ್ಪನೆಯದು. ಅದನ್ನು ತಳ್ಳಿಕೊಂಡು ಒಳಗೆ ಹೋದವರಿಗೆ ಮೊದಲು ಅನುಭವಕ್ಕೆ ಬರುವುದು ಅಲ್ಲಿನ ಮೌನ. ಬೀದಿಯ ಸದ್ದೆಲ್ಲ ಹಿಂದೆ ಉಳಿದು, ತಮ್ಮ ಉಸಿರೇ ತಮಗೆ ಕೇಳತೊಡಗುತ್ತದೆ. ಧ್ವನಿ ಪರೀಕ್ಷೆಗೆಂದು ಬಂದವರು ಆ ಮೌನದಲ್ಲಿ ತಂಬೂರಿಯ ಶ್ರುತಿಗೆ ದನಿ ಸೇರಿಸುವಾಗ ತೀರ್ಪು ಕೊಡುವವರು ಎದುರಿಗೆ ಇರುವುದಿಲ್ಲ. ಅವರು ಬೇರೆಡೆ ಕುಳಿತು, ಧ್ವನಿವರ್ಧಕದಿಂದ ಬರುವ ದನಿಯನ್ನಷ್ಟೇ ಕೇಳುತ್ತಾರೆ. ಹಾಡುತ್ತಿರುವವರ ಹೆಸರು, ಊರು, ಗುರು, ಮನೆತನ, ಉಡುಪು, ಇವು ಯಾವುವೂ ಅವರಿಗೆ ತಿಳಿಯಬಾರದು ಎಂಬುದು ಈ ಏರ್ಪಾಟಿನ ಮೂಲ ಆಶಯ. ಹಲವು ವರ್ಷಗಳಿಂದ ಹವ್ಯಾಸಿ ನಾಟಕ ತಂಡವೊಂದರಲ್ಲಿ ನಟರನ್ನೂ ಗಾಯಕರನ್ನೂ ಆರಿಸುವ ಕೆಲಸವನ್ನು ನೋಡಿಕೊಂಡು ಬಂದಿರುವ ನನಗೆ, ಕಲಾವಿದರ ಆಯ್ಕೆಯನ್ನು ಏರ್ಪಡಿಸುವ ಯಾರೇ ಆಗಲಿ ಈ ಆಶಯವನ್ನು ಒಮ್ಮೆಯಾದರೂ ನಿಧಾನವಾಗಿ ಯೋಚಿಸಿ ನೋಡಬೇಕು ಅನ್ನಿಸಿದೆ.

ಆಕಾಶವಾಣಿಯಲ್ಲಿ ಈ ಪದ್ಧತಿ ಬಂದದ್ದು 1952ರಲ್ಲಿ, ಬಿ. ವಿ. ಕೇಸ್ಕರ್ ಅವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದ ಮೇಲೆ. ಶಿಫಾರಸಿನಿಂದ, ಪರಿಚಯದಿಂದ, ದೊಡ್ಡ ಮನೆತನದ ಹೆಸರಿನಿಂದ ಹಾಡುವ ಅವಕಾಶ ಸಿಗಬಾರದು, ಕಿವಿಗೆ ಬಿದ್ದ ಸಂಗೀತವೊಂದೇ ಮಾತಾಡಬೇಕು ಎಂಬ ವಿಚಾರ ಅದರ ಹಿಂದಿತ್ತು. ಆದರೆ ಹತ್ತಾರು ವರ್ಷ ಕಛೇರಿ ಮಾಡಿದ ಹಿರಿಯರಿಗೆ, ಮರೆಯಲ್ಲಿ ಕುಳಿತವರ ಮುಂದೆ ಹೊಸ ವಿದ್ಯಾರ್ಥಿಯಂತೆ ಹಾಡಿ ತೋರಿಸುವುದು ಅವಮಾನವೆನಿಸಿತು. ಹಲವರು ಪ್ರತಿಭಟಿಸಿದರು, ಕೆಲವರು ಕೆಲಕಾಲ ರೇಡಿಯೊದಿಂದಲೇ ದೂರ ಉಳಿದರು. ಆಗ ಹಾಡಿನ ಜೊತೆಗೆ ಶಾಸ್ತ್ರದ ಪ್ರಶ್ನೆಗಳನ್ನು ಕೇಳುವುದೂ ಇತ್ತು. ಗುರುವಿನ ಎದುರು ಕುಳಿತು ಕಿವಿಯಿಂದಲೇ ಕಲಿತು, ರಾಗವನ್ನು ಉಸಿರಿನಷ್ಟು ಸಹಜವಾಗಿ ಬಲ್ಲ ಗಾಯಕನು ಅದರ ಲಕ್ಷಣವನ್ನು ಪುಸ್ತಕದ ಮಾತಿನಲ್ಲಿ ಹೇಳಲಾರದೆ ತಡವರಿಸಿದರೆ ಅದರಿಂದ ತಿಳಿಯುವುದೇನು? ಮರೆಯಲ್ಲಿ ಕೇಳುವ ಕ್ರಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಕೆಲಸಕ್ಕೆ ಬೇಕಿಲ್ಲದ್ದನ್ನು ಪರೀಕ್ಷಿಸುವ ಕ್ರಮವನ್ನು ಒಪ್ಪುವುದಿಲ್ಲ. ಶ್ರೇಣಿ ಕೊಡುವ ಪದ್ಧತಿ ಮಾತ್ರ ಗಟ್ಟಿಯಾಗಿ ನೆಲೆಯೂರಿತು. ಬಿ, ಬಿ-ಹೈ, ಎ, ಟಾಪ್ ಎಂಬ ಈ ಶ್ರೇಣಿಗಳನ್ನು ಇಂದಿಗೂ ಕಛೇರಿಯ ಆಹ್ವಾನ ಪತ್ರಿಕೆಗಳಲ್ಲಿ ಕಲಾವಿದರ ಹೆಸರಿನ ಪಕ್ಕದಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿಸುತ್ತಾರೆ.

ಅದೇ 1952ರಲ್ಲಿ ಅಮೆರಿಕದ ಬಾಸ್ಟನ್ ಸಿಂಫನಿ ವಾದ್ಯವೃಂದವೂ ವಾದಕರನ್ನು ಪರದೆಯ ಹಿಂದೆ ಕೂರಿಸಿ ಆಯ್ಕೆ ಮಾಡತೊಡಗಿತ್ತು ಎಂಬುದು ಕುತೂಹಲದ ಸಂಗತಿ. ಮುಂದೆ ಈ ಕ್ರಮ ಅಲ್ಲಿನ ಬೇರೆ ವಾದ್ಯವೃಂದಗಳಿಗೂ ಹಬ್ಬಿದಾಗ, ಪರದೆಯೊಂದೇ ಸಾಲದು ಎಂಬುದು ತಿಳಿಯಿತು. ಎತ್ತರದ ಹಿಮ್ಮಡಿಯ ಪಾದರಕ್ಷೆಯ ಸದ್ದಿನಿಂದ ಬಂದವರು ಹೆಂಗಸೆಂದು ಗೊತ್ತಾಗುತ್ತದೆಂದು ವೇದಿಕೆಗೆ ಜಮಖಾನ ಹಾಸುವ ರೂಢಿಯೂ ಬಂತು. ನಮ್ಮ ಕಣ್ಣು, ನಮಗೇ ತಿಳಿಯದಂತೆ, ಕಿವಿಯ ತೀರ್ಪಿನಲ್ಲಿ ಎಷ್ಟು ಕೈಯಾಡಿಸುತ್ತದೆ ಎಂಬುದಕ್ಕೆ ಆ ಜಮಖಾನವೇ ಸಾಕ್ಷಿ.

ನಾಟಕದವರಾದ ನಾವು ನಟನನ್ನು ಪರದೆಯ ಹಿಂದೆ ನಿಲ್ಲಿಸಲಾರೆವು. ಅವನ ನಿಲುವು, ನಡಿಗೆ, ಕಣ್ಣೋಟ ಎಲ್ಲವೂ ನಮಗೆ ಬೇಕು. ಹಾಗಿರುವಾಗ ಪರದೆ ಮಾಡುವ ಕೆಲಸವನ್ನು ನಮ್ಮ ಏರ್ಪಾಟೇ ಮಾಡಬೇಕಾಗುತ್ತದೆ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ರಂಗಗೀತೆಗಳು ಹೆಚ್ಚಾಗಿದ್ದ ಒಂದು ನಾಟಕಕ್ಕಾಗಿ ನಾವು ಹಾಡಬಲ್ಲ ನಟಿಯರನ್ನು ಹುಡುಕುತ್ತಿದ್ದೆವು. ಪ್ರಕಟಣೆಯಲ್ಲಿ ‘ಆಸಕ್ತರು ಭಾನುವಾರ ಬೆಳಿಗ್ಗೆ 10 ಗಂಟೆಗೆ ಬರಬೇಕು’ ಎಂದಷ್ಟೇ ಇತ್ತು. 40ಕ್ಕೂ ಹೆಚ್ಚು ಜನ ಬಂದರು. ಯಾರಿಗೂ ಅನ್ಯಾಯವಾಗದಿರಲೆಂದು ನಾನು ಹೆಸರುಗಳನ್ನು ಅಕಾರಾದಿಯಾಗಿ ಬರೆದು ಪಟ್ಟಿ ಮಾಡಿದೆ. ದೂರದ ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು ಬಂದಿದ್ದ ಒಬ್ಬ ಹುಡುಗಿಯ ಹೆಸರು ಹಕಾರದಿಂದ ತೊಡಗುತ್ತಿತ್ತು. ಅವಳ ಸರದಿ ಬಂದಾಗ ಸಂಜೆ ನಾಲ್ಕೂವರೆ. ಅಷ್ಟು ಹೊತ್ತು ಅವಳು ಶಾಲೆಯ ಜಗುಲಿಯಲ್ಲಿ ಕುಳಿತು, ಒಳಗಿನಿಂದ ಬರುವ ಒಂದೊಂದು ಹಾಡನ್ನೂ ಕೇಳಿ, ತನ್ನನ್ನು ಆ ಒಬ್ಬೊಬ್ಬರೊಂದಿಗೂ ಹೋಲಿಸಿಕೊಂಡಿದ್ದಳು. ಒಳಗೆ ಬಂದವಳಿಗೆ ‘ನಿಮ್ಮ ಶ್ರುತಿ ಯಾವುದಮ್ಮ’ ಎಂದು ಕೇಳುವ ವ್ಯವಧಾನ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ. ಬೆಳಗಿನಿಂದ ತಿದಿ ಒತ್ತಿ ದಣಿದಿದ್ದ ಹಾರ್ಮೋನಿಯಂ ಮೇಷ್ಟರು ಹಿಂದಿನವರಿಗೆ ಹಿಡಿದಿದ್ದ ಶ್ರುತಿಯನ್ನೇ ಹಿಡಿದರು. ಅವಳು ತಾರಷಡ್ಜಕ್ಕೆ, ಅಂದರೆ ಮೇಲಿನ ‘ಸ’ ಸ್ವರಕ್ಕೆ, ಏರಿದಾಗ ದನಿ ಬಿರಿಯಿತು. ‘ಮೇಲಿನ ಸ್ಥಾಯಿ ನಿಲ್ಲುವುದಿಲ್ಲ’ ಎಂದು ನನ್ನ ಕೈಯಾರೆ ಬರೆದೆ.

ಮರುವರ್ಷ ಅವಳ ಊರಿನ ಜಾತ್ರೆಯಲ್ಲಿ ಪೌರಾಣಿಕ ನಾಟಕವೊಂದನ್ನು ನೋಡಲು ಹೋಗಿದ್ದೆ. ನಡುರಾತ್ರಿ ಕರೆಂಟು ಹೋಗಿ ಮೈಕು ನಿಂತಿತು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ದ್ರೌಪದಿಯ ಪಾತ್ರದಲ್ಲಿದ್ದ ಆ ಹುಡುಗಿ ಹಾಡನ್ನು ನಿಲ್ಲಿಸಲಿಲ್ಲ. ಬಯಲಿನ ಕೊನೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದವರಿಗೂ ಒಂದೊಂದು ಅಕ್ಷರ ಕೇಳಿಸಿತು. ಅದು ಅದೇ ಗಂಟಲು. ವರ್ಷದ ಹಿಂದೆ ನಾನು ಅಳೆದದ್ದು ಆರೂವರೆ ಗಂಟೆಗಳ ಕಾಯುವಿಕೆಯನ್ನು, ಒಣಗಿದ ಬಾಯಿಯನ್ನು, ತನ್ನದಲ್ಲದ ಶ್ರುತಿಯನ್ನು. ಅಕಾರಾದಿಯೆಂಬ ನಿಷ್ಪಕ್ಷಪಾತದ ಪಟ್ಟಿ ಅವಳ ವಿರುದ್ಧವೇ ತೀರ್ಪು ಬರೆದಿಟ್ಟಿತ್ತು.

ಅಂದಿನಿಂದ ನಮ್ಮಲ್ಲಿ ಬಂದ ಬದಲಾವಣೆಗಳು ಕೇಳಲು ಬಹಳ ಸಣ್ಣವು. ಒಬ್ಬರಿಗೆ 12 ನಿಮಿಷ, ತೀರ್ಪುಗಾರರು ಬರೆದುಕೊಳ್ಳಲು 3 ನಿಮಿಷ. ಅಂದರೆ ಗಂಟೆಗೆ ನಾಲ್ಕು ಜನ, ಊಟದ ಬಿಡುವು ಬಿಟ್ಟು ದಿನಕ್ಕೆ 24 ಜನ. ಇಪ್ಪತ್ತೈದನೆಯವರಿಗೆ ಇನ್ನೊಂದು ದಿನ. ಹೆಸರು ನೋಂದಾಯಿಸುವಾಗಲೇ ಎಲ್ಲಿಂದ ಬರುತ್ತೀರಿ, ಹಿಂದಿರುಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ, ಅದಕ್ಕೆ ತಕ್ಕ ಸಮಯವನ್ನು ಅವರಿಗೆ ತಿಳಿಸುತ್ತೇವೆ. ಕಾಯುವವರಿಗೆ ಒಳಗಿನ ಹಾಡು ಕೇಳದಷ್ಟು ದೂರದಲ್ಲಿ ಒಂದು ಕೋಣೆ, ಅಲ್ಲಿ ಒಂದು ಶ್ರುತಿಪೆಟ್ಟಿಗೆ, ಬಿಸಿನೀರಿನ ಫ್ಲಾಸ್ಕು. ಆ ಕೋಣೆಯಲ್ಲಿ ಇರಬೇಕಾದವರು ಹಿಂದೆ ಇದೇ ತಂಡದ ಆಯ್ಕೆಗೆ ಬಂದು ನಡುಗಿದ್ದ ಒಬ್ಬ ಕಲಾವಿದರೇ ಹೊರತು ಕಡತ ಹಿಡಿದ ಕಾರ್ಯದರ್ಶಿಯಲ್ಲ. ‘ನೀರು ಕುಡಿದಿರಾ, ಊಟ ಆಯಿತೇ’ ಎಂದು ಅವರು ಕೇಳುವ ಎರಡು ಮಾತಿಗೆ ಬಂದವರ ಬಿಗಿದ ಭುಜಗಳು ಸಡಿಲವಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮಾತಿನ ವಿಷಯದಲ್ಲಿ ಕನ್ನಡದವರಾದ ನಾವು ಇನ್ನೂ ಒಂದು ಎಚ್ಚರ ವಹಿಸಬೇಕು. ಅಚ್ಚಾದ ಸಂಭಾಷಣೆಯ ಹಾಳೆಯೊಂದನ್ನು ಕೈಗಿತ್ತು ‘ಓದಿ’ ಎಂದಾಗ, ಶಿಷ್ಟ ಕನ್ನಡವನ್ನು ಶಾಲೆಯಲ್ಲಿ ಚೆನ್ನಾಗಿ ಓದಿ ರೂಢಿಯಿರುವವರು ಸಲೀಸಾಗಿ ಗೆಲ್ಲುತ್ತಾರೆ. ಧಾರವಾಡದ ಕಡೆಯ ಮಾತು, ಕುಂದಾಪುರದ ಮಾತು, ಕೋಲಾರದ ಕಡೆಯ ಮಾತು ಆಡುವವರು ಅಕ್ಷರಗಳ ಉಚ್ಚಾರದ ಮೇಲೆಯೇ ಕಣ್ಣಿಟ್ಟು, ಮಾತಿನೊಳಗಿನ ಭಾವವನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದ ನಾವು ಹಾಳೆಯನ್ನು ಅರ್ಧ ಗಂಟೆ ಮೊದಲೇ ಕೊಡುತ್ತೇವೆ. ಒಳಗೆ ಬಂದೊಡನೆ ಓದಿಸುವುದಿಲ್ಲ. ‘ಕಳೆದ ವಾರ ನಿಮ್ಮೂರ ಸಂತೆಯಲ್ಲಿ ನೋಡಿದ್ದೇನಾದರೂ ಹೇಳಿ, ನಿಮ್ಮ ಮನೆಯ ಮಾತಿನಲ್ಲೇ ಹೇಳಿ’ ಎನ್ನುತ್ತೇವೆ. ಚೌಕಾಸಿ ಮಾಡುವ ಅಜ್ಜಿಯನ್ನೂ, ಬಿಟ್ಟುಕೊಡದ ಬಳೆಗಾರನನ್ನೂ ಒಬ್ಬರೇ ನಿಂತು ಮಾತಿನಲ್ಲಿ ಮೂಡಿಸಿದ ಎಷ್ಟೋ ಜನ, ಹಾಳೆ ಕೈಗೆ ಬಂದೊಡನೆ ಮರದ ಬೊಂಬೆಗಳಾದದ್ದುಂಟು. ಮೊದಲನೆಯದನ್ನು ನೋಡದೆ ಎರಡನೆಯದನ್ನಷ್ಟೇ ನೋಡಿದ್ದರೆ ಅವರೆಲ್ಲರನ್ನೂ ನಾವು ಕಳೆದುಕೊಳ್ಳುತ್ತಿದ್ದೆವು.

ಓದಿದ ಮೇಲೆ ಒಂದು ಸೂಚನೆ ಕೊಟ್ಟು ಅದೇ ಮಾತನ್ನು ಮತ್ತೆ ಆಡಿಸುತ್ತೇವೆ. ಉದಾಹರಣೆಗೆ, ಸಿಟ್ಟಿನ ಮಾತನ್ನು ‘ಪಕ್ಕದಲ್ಲಿ ಮಲಗಿರುವ ಕೂಸಿಗೆ ಎಚ್ಚರವಾಗದಂತೆ ಹೇಳಿ’ ಎನ್ನುತ್ತೇವೆ. ಆಯ್ಕೆಯ ಇಡೀ ಹೊತ್ತಿನಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಈ ಎರಡನೆಯ ಸಲ. ಮೊದಲ ಸಲ ಕಾಣುವುದು ಮನೆಯಲ್ಲಿ ಮಾಡಿಕೊಂಡು ಬಂದ ಅಭ್ಯಾಸ. ಎರಡನೆಯ ಸಲದಲ್ಲಿ, ಮುಂದೆ ಎರಡು ತಿಂಗಳ ತಾಲೀಮಿನಲ್ಲಿ ಈ ವ್ಯಕ್ತಿಯೊಂದಿಗೆ ಹೇಗೆ ಕೆಲಸ ಸಾಗೀತು ಎಂಬುದರ ಚಿತ್ರ ಸಿಗುತ್ತದೆ.

ಇನ್ನು ತೀರ್ಪುಗಾರರ ಮಾತು. ಮೂವರು ಸಾಕು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲಿ. ಬಾಗಿಲು ಹಾಕಿಕೊಂಡು ಒಬ್ಬರೇ ಯಾರನ್ನೂ ಪರೀಕ್ಷಿಸಬಾರದು, ಮಕ್ಕಳೊಂದಿಗೆ ಮನೆಯವರು ಇರಬೇಕು. ತಮ್ಮ ಶಿಷ್ಯರೋ ನೆಂಟರೋ ಬಂದಾಗ ತೀರ್ಪುಗಾರರು ಎದ್ದು ಹೊರಗೆ ಹೋಗಬೇಕು. ನಮ್ಮಲ್ಲಿ ಹಿರಿಯರ ಮಾತಿಗೆ ಎದುರಾಡುವ ರೂಢಿಯಿಲ್ಲದ ಕಾರಣ, ಮೂವರೂ ಮೊದಲು ಅಭಿಪ್ರಾಯ ಬರೆದಿಡಬೇಕು, ಬಳಿಕ ಎಲ್ಲರಿಗಿಂತ ಕಿರಿಯರು ಮೊದಲು ಓದಬೇಕು ಎಂದು ನಿಯಮ ಮಾಡಿಕೊಂಡೆವು. ಮೊದಲ ಸಲ ಹಾಗೆ ಓದಿದಾಗ ನಮ್ಮ ಮೂರು ಹಾಳೆಗಳಲ್ಲಿ ಎಷ್ಟು ಭಿನ್ನಾಭಿಪ್ರಾಯವಿತ್ತೆಂದರೆ, ಹಿಂದಿನ ವರ್ಷಗಳಲ್ಲಿ ನಾವು ಒಮ್ಮತವೆಂದು ತಿಳಿದದ್ದು ಬರಿಯ ಸಂಕೋಚವಾಗಿತ್ತು ಎಂಬುದು ಮನದಟ್ಟಾಯಿತು.

ಯಕ್ಷಗಾನ ಮೇಳಗಳ ಹಳೆಯ ಕ್ರಮ ಈ ಸಂದರ್ಭದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅಲ್ಲಿ ಹೊಸಬನನ್ನು ಹತ್ತು ನಿಮಿಷದಲ್ಲಿ ಅಳೆಯುವ ಪದ್ಧತಿಯಿರಲಿಲ್ಲ. ಅವನು ಪೂರ್ವರಂಗದ ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ಹೆಜ್ಜೆ ಗಟ್ಟಿಮಾಡಿಕೊಂಡು, ಚೌಕಿಯೆಂಬ ಬಣ್ಣದ ಕೋಣೆಯಲ್ಲಿ ಹಿರಿಯರು ಬಣ್ಣ ಬರೆದುಕೊಳ್ಳುವುದನ್ನು ರಾತ್ರಿಯಿಡೀ ನೋಡುತ್ತ, ತಿರುಗಾಟದ ತಿಂಗಳುಗಳ ಉದ್ದಕ್ಕೂ ತನ್ನ ಯೋಗ್ಯತೆಯನ್ನು ತೋರಿಸಿಕೊಳ್ಳುತ್ತ ಮೇಲಿನ ವೇಷಗಳಿಗೆ ಬರುತ್ತಿದ್ದ. ಭಾನುವಾರಗಳಲ್ಲಷ್ಟೇ ಸೇರುವ ನಮಗೆ ಅಷ್ಟು ಕಾಲವಿಲ್ಲ. ಆದರೂ ಸಂದೇಹವಿರುವ ನಾಲ್ಕಾರು ಜನರನ್ನು ಮೊದಲ ವಾರದ ತಾಲೀಮಿಗೆ ಕರೆದು, ಗುಂಪಿನವರೊಂದಿಗೆ ನಿಲ್ಲಿಸಿ ನೋಡಿ, ಆಮೇಲೆ ನಿರ್ಧರಿಸುವ ರೂಢಿಯನ್ನು ನಾವು ಅಲ್ಲಿಂದಲೇ ಪಡೆದೆವು.

ಕೊನೆಯದಾಗಿ ಫಲಿತಾಂಶ. ಆಯ್ಕೆಯಾದವರಿಗೆ ತಿಳಿಸಲು ಎಲ್ಲರೂ ಮುಂದೆ ಬರುತ್ತಾರೆ. ಆಗದವರಿಗೆ ಬಹುತೇಕ ಕಡೆ ಯಾರೂ ಏನೂ ಹೇಳುವುದಿಲ್ಲ. ಫೋನು ಬರದಿದ್ದರೆ ಅವರೇ ಅರ್ಥಮಾಡಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ನಾವೂ ಹಾಗೆಯೇ ಮಾಡುತ್ತಿದ್ದೆವು. ಆ ಜಾತ್ರೆಯ ರಾತ್ರಿ ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋಗಿ, ವರ್ಷದ ಹಿಂದೆ ನಾವು ಹಿಡಿದ ಶ್ರುತಿ ಅವಳಿಗೆ ಸಲ್ಲದಷ್ಟು ಮೇಲಿತ್ತು, ತಪ್ಪು ನಮ್ಮದು ಎಂದು ಹೇಳಿದೆ. ಅವಳು ಮುಖದ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಳ್ಳುತ್ತಿದ್ದಳು. ಕೈ ನಿಲ್ಲಿಸಿ ನನ್ನತ್ತ ನೋಡಿ, ‘ಹೌದಾ ಸರ್? ನನ್ನ ಗಂಟಲೇ ಸರಿಯಿಲ್ಲ ಅಂತ ಆರು ತಿಂಗಳು ಹಾಡೇ ಬಿಟ್ಟಿದ್ದೆ’ ಎಂದಳು.

ಆಯ್ಕೆಯಾಗದ ಒಬ್ಬೊಬ್ಬರಿಗೂ ಒಂದು ವಾರದೊಳಗೆ ಫೋನು ಮಾಡಿ, ಏಕೆ ಆಗಲಿಲ್ಲ ಎಂಬುದನ್ನು ಇದ್ದದ್ದು ಇದ್ದಂತೆ ತಿಳಿಸುವ ಕೆಲಸವನ್ನು ಅಂದಿನಿಂದ ನಾನು ಯಾರಿಗೂ ವಹಿಸಿಲ್ಲ. ನನ್ನ ಕಿವಿ ತಪ್ಪಿರಬಹುದು ಎಂಬ ಮಾತನ್ನೂ ಆಗ ಹೇಳುತ್ತೇನೆ, ಮುಂದಿನ ನಾಟಕದ ಆಯ್ಕೆ ಯಾವ ತಿಂಗಳು ಎಂಬುದನ್ನೂ ತಿಳಿಸುತ್ತೇನೆ.

ನಮಸ್ಕಾರ.