ಲೆಕ್ಕ ಮಾಡುವಾಗ ಮಕ್ಕಳು ಮಾತಾಡ್ಲಿ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವ್ಲಿಯ ನಮ್ಮ ಮನೆ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಕನ್ನಡದ ಮಕ್ಕಳನ್ನ ಕೂರಿಸ್ಕೊಂಡು ಲೆಕ್ಕ ಹೇಳ್ಕೊಡ್ತೀನಿ, ಎಲ್ಲಾ ಒಂದನೇ ಎರಡನೇ ಕ್ಲಾಸಿನವ್ರು. ಮೊದಮೊದಲು ನಾನೂ "ಶ್, ಮಾತಾಡ್ದೇ ಮಾಡ್ರೋ" ಅಂತಲೇ ಇದ್ದೆ, ನಮಗೆ ಕಲಿಸಿದ್ದೇ ಹಾಗಲ್ವಾ.

ಒಂದಿನ 25 ಬರೀರಿ ಅಂದೆ. ಒಬ್ಬ ಹುಡುಗ 52 ಬರ್ದ. ತಪ್ಪು ಅಂತ ಹೇಳೋಕೆ ಬಾಯಿ ತೆಗೀಬೇಕು, ಅಷ್ಟರಲ್ಲಿ ಪಕ್ಕದ ಹುಡುಗಿ "ಯಾಕೋ ಐದು ಮೊದ್ಲು ಬರ್ದೆ?" ಅಂತ ಕೇಳಿದ್ಳು. "ಪಂಚವೀಸ್ ಅಲ್ವಾ, ಐದೇ ಮೊದ್ಲು ಕೇಳ್ಸುತ್ತೆ" ಅಂದ. ನೋಡಿ, ಮನೇಲಿ ಇಪ್ಪತ್ತೈದು, ಹೊರಗೆ ಪಂಚವೀಸ್. ನಮ್ಮಲ್ಲಿ ಹತ್ತು ಮೊದಲು, ಮರಾಠಿಯಲ್ಲಿ ಬಿಡಿ ಅಂಕಿ ಮೊದಲು. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯವರು ಎರಡನೇ ಕ್ಲಾಸಿನ ಗಣಿತ ಪುಸ್ತಕಕ್ಕೆ 21ನ್ನ ಓದೋಕೆ ಏಕವೀಸ್ ಜೊತೆ "ವೀಸ್ ಏಕ್", ಅಂದ್ರೆ ಇಪ್ಪತ್ತು ಒಂದು, ಅನ್ನೋ ಓದು ತಂದಾಗ ಎಷ್ಟು ಚರ್ಚೆ ಆಯ್ತು ಅಂತ ಇಲ್ಲಿರೋರಿಗೆಲ್ಲ ನೆನಪಿರುತ್ತೆ. ಆ ಹುಡುಗಿ ಹುಣಸೆಬೀಜ ಸುರಿದು ಹತ್ತತ್ತರ ಎರಡು ಗುಡ್ಡೆ ಮಾಡಿ ಐದು ಬೀಜ ಪಕ್ಕಕ್ಕಿಟ್ಳು, ಅವನೇ ನೋಡಿ ಅಳಿಸಿ ತಿದ್ದಿದ. ನಾನು ಸುಮ್ಮನಿರಿಸಿದ್ರೆ ಅವನ ತಲೇಲಿ ಏನಿತ್ತು ಅಂತ ನನಗೆ ಗೊತ್ತೇ ಆಗ್ತಿರ್ಲಿಲ್ಲ.

ಈಗ ಇಬ್ಬಿಬ್ಬರಿಗೆ ಒಂದೇ ಪೆನ್ಸಿಲ್ ಕೊಡ್ತೀನಿ, ಹೇಳೋರು ಬರೆಯೋ ಹಾಗಿಲ್ಲ, ಬರೆಯೋರು ಅರ್ಥ ಆಗದೆ ಬರೆಯೋ ಹಾಗಿಲ್ಲ, ಆಮೇಲೆ ಅದಲು ಬದಲು. ಜೋರು ಬಾಯಿಯವ್ರೂ ಕೇಳಿಸ್ಕೋಬೇಕಾಗುತ್ತೆ, ಮೆಲ್ಲಗಿರೋರಿಗೂ ಮಾತು ಸಿಗುತ್ತೆ. ಮನೇಲಿ ನೀವು ಇನ್ನೊಂದು ಮಾಡಿ, "ಹೇಗೆ ಗೊತ್ತಾಯ್ತು?" ಅಂತ ಉತ್ತರ ಸರಿ ಇದ್ದಾಗಲೂ ಕೇಳಿ. ತಪ್ಪಾದಾಗ ಮಾತ್ರ ಕೇಳಿದ್ರೆ ಮಗು ಆ ಪ್ರಶ್ನೆ ಕೇಳಿದ ಕೂಡ್ಲೇ ರಬ್ಬರ್ ಹುಡುಕುತ್ತೆ. ಕೇಳಿ ಸ್ವಲ್ಪ ಕಾಯಿರಿ ದಯವಿಟ್ಟು, ಉತ್ತರ ನೀವೇ ಹೇಳ್ಬಿಡ್ಬೇಡಿ, ಆ ಪುಟ್ಟ ತಲೆ ಒಳಗೊಳಗೇ ಕೆಲಸ ಮಾಡ್ತಿರುತ್ತೆ.

ಮೊನ್ನೆ 29ಕ್ಕೆ 13 ಕೂಡಿಸೋ ಲೆಕ್ಕ. ಒಬ್ಳು ಬೆರಳು ಮಡಚ್ತಾ ಮೂವತ್ತು, ಮೂವತ್ತೊಂದು ಅಂತ ಎಣಿಸ್ತಿದ್ಳು. 52 ಬರ್ದಿದ್ದ ಅದೇ ಹುಡುಗ "ತಡಿಯೇ, ಮರಾಠಿಯಲ್ಲಿ ಏಕೋಣತೀಸ್ ಅಂತಾರಲ್ಲ, ಅಂದ್ರೆ ಮೂವತ್ತಕ್ಕೆ ಒಂದು ಕಮ್ಮಿ, ಹದಿಮೂರರಿಂದ ಒಂದು ತಗೊಂಡು ಕೊಡೋಣ, ಮೂವತ್ತು, ಇನ್ನು ಹನ್ನೆರಡು ಉಳೀತು, ನಲವತ್ತೆರಡು" ಅಂದ. ಅವಳು ತಕ್ಷಣ ಒಪ್ಲಿಲ್ಲ. "ಬೀಜದಲ್ಲಿ ತೋರ್ಸು" ಅಂದ್ಳು. ಇಬ್ರೂ ನೆಲದ ಮೇಲೆ ಕೂತು ಹರವೋಕೆ ಶುರು ಮಾಡಿದ್ರು.